ಬಿಡುವಾದಾಗ ಬನ್ನಿ

ಸೆಪ್ಟೆಂಬರ್ 2, ಭಾನುವಾರ, ವಾಗೆ

ಇಂದಿನಿಂದ ದಿನಚರಿ, ತಾರೀಖು, ವಾರ, ಐದು ದಿನಕ್ಕೊಮ್ಮೆ ಬರುವ ಸಂತೆದಿನದ ಹೆಸರು ಸಮೇತ. ಕಾರಣ ಘನವಾದದ್ದೇನಲ್ಲ. ಹೋದ ವಾರ ಡೆಲಂಗು ಊರಿನ ಮದುವೆಯೊಂದರಲ್ಲಿ ನಾನು ಮೈಕು ಹಿಡಿದು, ಮದುಮಗನ ಮೀಸೆಯ ಮೇಲಿನ ನನ್ನ ಸುಪ್ರಸಿದ್ಧ ಹಾಸ್ಯವನ್ನು ಅರ್ಧಕ್ಕೆ ತಂದಿದ್ದೆ. ಮುಂದಿನ ಸಾಲಿನ ಮುದುಕನೊಬ್ಬ ಉಳಿದರ್ಧವನ್ನು ಗಟ್ಟಿಯಾಗಿ ಹೇಳಿ ಮುಗಿಸಿಬಿಟ್ಟ. ಸಭೆ ಬಿದ್ದು ಬಿದ್ದು ನಕ್ಕಿತು, ಆದರೆ ಅವನ ಲೆಕ್ಕಕ್ಕೆ. ಜಾವಾದ ಕ್ಲಾತೆನ್ ಸೀಮೆಯಲ್ಲಿ ಮೂವತ್ತು ವರ್ಷದಿಂದ ಮದುವೆ ನಡೆಸಿಕೊಡುತ್ತಿರುವ ನಿರೂಪಕ ದರ್ಸೊನೊಗೆ ಇಂಥ ಅವಮಾನ ಆಗಬಾರದು. ಆದ್ದರಿಂದ ಯಾವ ಊರಲ್ಲಿ ಯಾವ ಹಾಸ್ಯ ಬಿಟ್ಟೆ ಎಂಬುದನ್ನು ಇನ್ನು ಮುಂದೆ ಇಲ್ಲಿ ದಾಖಲಿಸತಕ್ಕದ್ದು.

ಇಂದು: ಜೋಗೊನಾಲನ್. ಅತ್ತೆಯ ಬಾಣಲೆ ಹಾಸ್ಯ. ನಗೆ ಮಧ್ಯಮ.

ಮದುಮಗಳ ಅಲಂಕಾರ ಎಂದಿನಂತೆ ನಮ್ಮ ಮನೆಯ ಮಹಾರಾಣಿ ಮುರ್ತಿನಿಯವರದು. ಮಹಾರಾಣಿಯವರ ಕೈ ಬಿದ್ದರೆ ಹೆತ್ತ ತಾಯಿಗೂ ಮದುಮಗಳ ಗುರುತು ಸಿಗಬಾರದು, ಅಷ್ಟು ಚೆಲುವು ಬರಬೇಕು ಎಂದು ಹಿಂದಿನ ದಿನವೆಲ್ಲ ಉಪವಾಸವಿದ್ದು ಮರುದಿನ ಆ ಹುಡುಗಿಯ ಹಣೆಗೆ ಕಪ್ಪು ಎಸಳು ಬರೆಯುತ್ತಾಳೆ. ಹೊರಡುವ ಮುನ್ನ ಅವಳ ನಡುಪಟ್ಟಿ ಸುತ್ತುವುದು ನನ್ನ ಕೆಲಸ. ಪಟ್ಟಿಯ ಒಂದು ತುದಿ ಹಿಡಿದು ನಾನು ಬಾಗಿಲಲ್ಲಿ ನಿಲ್ಲುತ್ತೇನೆ. ಇನ್ನೊಂದು ತುದಿಯನ್ನು ಹೊಟ್ಟೆಗೆ ಒತ್ತಿಕೊಂಡು ಅವಳು ಬುಗುರಿಯಂತೆ ಸುತ್ತುತ್ತಾ ನನ್ನತ್ತ ಬರುತ್ತಾಳೆ. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಕೂಡಿ ಆಡುವ ಕುಣಿತ ಇದೊಂದೇ. ಹನ್ನೊಂದು ಸುತ್ತಿಗೆ ನನ್ನನ್ನು ಮುಟ್ಟುವವಳು ಇಂದು ಒಂಬತ್ತಕ್ಕೇ ಮುಟ್ಟಿದಳು.

"ದಪ್ಪ ಆಗಿದ್ದೀಯ ದಿಕ್" ಎಂದೆ. ನಮ್ಮ ಕಡೆ ಹೆಂಡತಿಯನ್ನು ದಿಕ್ ಎಂದು, ಗಂಡನನ್ನು ಮಾಸ್ ಎಂದು ಕರೆಯುವುದು ರೂಢಿ.

"ನಿನ್ನೆಯಿಂದ ಒಂದು ಹನಿ ನೀರು ಕುಡಿದಿಲ್ಲ, ದಪ್ಪ ಆಗೋದು ಹೇಗೆ ಮಾಸ್? ಪಟ್ಟಿನೇ ಕುಗ್ಗಿದೆ. ಹೋದ ಸಲ ಒಗೆದಿದ್ದು ಯಾರು?"

"ನಾನು."

"ಮತ್ತೆ? ಗೊತ್ತಾಯ್ತಲ್ಲ."

ಸೆಪ್ಟೆಂಬರ್ 15, ಶನಿವಾರ, ಪಾಹಿಂಗ್

ವೆಡಿ. ಮೀಸೆ ಹಾಸ್ಯ (ಈ ಊರಿಗೆ ಹೊಸದು). ನಗೆ ಉತ್ತಮ. ಆ ಉತ್ಸಾಹದಲ್ಲಿ ನಾನು ಆಶೀರ್ವಚನವನ್ನು ತುಸು ಬೆಳೆಸಿದೆ. ಆಗ ಮದುಮಗಳ ತಂದೆ ಬಾಗಿ ಬಾಗಿ ನನ್ನ ಬಳಿ ಬಂದು, ಎರಡೂ ಕೈ ಜೋಡಿಸಿ, "ಪಾಕ್ ದರ್ಸೊನೊ, ಅವಸರ ಏನೂ ಇಲ್ಲ. ಮೈಕು ಹಿಡಿದು ಹಿಡಿದು ತಮ್ಮ ಕೈ ನೋಯ್ತಿರಬಹುದೇನೋ ಅಂತ ಯೋಚನೆ ಆಯ್ತು, ಅಷ್ಟೇ" ಎಂದರು. ನಾನು ತಕ್ಷಣ ಮಾತು ನಿಲ್ಲಿಸಿ ಊಟಕ್ಕೆ ಕರೆದೆ. ನಮ್ಮ ಕಡೆ 'ಬಾಯಿ ಮುಚ್ಚು' ಎಂದು ಹೇಳುವ ಕ್ರಮ ಇದು. 'ಅವಸರವಿಲ್ಲ' ಎಂದರೆ ಈ ಕ್ಷಣವೇ. 'ನಿಮ್ಮಿಷ್ಟ' ಎಂದರೆ ಖಂಡಿತ ಕೂಡದು. ಇದು ತಿಳಿಯದವನು ಜಾವಾದಲ್ಲಿ ಮೈಕು ಹಿಡಿಯಬಾರದು. ನಾನು ಮೂವತ್ತು ವರ್ಷ ಅನ್ನ ತಿಂದಿರುವುದು ಈ ವಿದ್ಯೆಯಿಂದ.

ನಡುಪಟ್ಟಿ ಏಳು ಸುತ್ತು. ಮಹಾರಾಣಿಗೆ ಬೆನ್ನುನೋವು, ಬಲ ಪಕ್ಕೆಯ ಕೆಳಗೆ ಭಾರ. ಮೈಗೆ ಗಾಳಿ ಹೊಕ್ಕಿದೆ ಎಂದು ತೀರ್ಮಾನಿಸಿ ಎಣ್ಣೆ ಹಚ್ಚಿ ನಾಣ್ಯದಿಂದ ಅವಳ ಬೆನ್ನು ಗೀರಿದೆ. ಹುಲಿಯ ಪಟ್ಟೆಯ ಹಾಗೆ ಕೆಂಪು ಗೆರೆ ಎದ್ದವು.

"ಗಾಳಿ ಎಷ್ಟು ಹೊಕ್ಕಿದೆ ನೋಡು, ಸೈಕಲ್ ಟ್ಯೂಬಿಗೆ ಸಾಕು" ಎಂದೆ.

"ಸ್ವಲ್ಪ ಮೇಲೆ ಗೀರಿ. ಮಾತು ಕಮ್ಮಿ ಮಾಡಿ" ಎಂದಳು.

ಸೆಪ್ಟೆಂಬರ್ 24, ಸೋಮವಾರ, ಲೆಗಿ

ಜಾವಾ ಪಂಚಾಂಗದ ಈ ತಿಂಗಳಲ್ಲಿ ಮದುವೆ ಕೂಡದು, ಆದ್ದರಿಂದ ಹಾಸ್ಯವೂ ಇಲ್ಲ. ಆ ಕೊರತೆಯನ್ನು ಪಕ್ಕದ ಮನೆಯ ಹಿರಿಯಾಕೆ ಬು ತಾರ್ಮಿ ತುಂಬಿದರು. ಬೇಲಿಯ ಮೇಲಿಂದ ಮುರ್ತಿನಿಯ ಹೊಟ್ಟೆ ನೋಡಿ, "ಏನ್ ಪಾಕ್, ಐವತ್ತೇಳಕ್ಕೆ ಸಾಧಿಸಿಬಿಟ್ರಾ? ಏಳು ತಿಂಗಳ ಪೂಜೆಗೆ ಎಳನೀರು ನನ್ನ ಮರದ್ದೇ ತಗೊಳ್ಳಿ!" ಎಂದು ಕೂಗಿದರು. ಬೀದಿಯೆಲ್ಲ ನಕ್ಕಿತು. ಮುರ್ತಿನಿಯೂ ನಕ್ಕಳು. "ಇವರ ಭಾಷಣ ಕೇಳಿ ಕೇಳಿ ಹೊಟ್ಟೆ ತುಂಬ್ಕೊಂಡಿದೆ ಬು" ಎಂದಳು.

ಒಳಗೆ ಬಂದು ಕೂತವಳು ಮೇಲೇಳಲಿಲ್ಲ. ಕಾಲು ನೋಡಿದೆ. ಪಾದವನ್ನು ಬೆರಳಿನಿಂದ ಒತ್ತಿದರೆ ಹಸಿ ಹಿಟ್ಟಿನಂತೆ ಗುಳಿ ಬಿತ್ತು. ಬಿದ್ದ ಗುಳಿ ಬಹಳ ಹೊತ್ತು ಹಾಗೇ ಇತ್ತು.

ನಮಗೆ ಮಕ್ಕಳಿಲ್ಲ. ಅವಳ ತೀರಿಹೋದ ಅಕ್ಕನ ಮಗಳು ಪಿನಸ್ತಿಯನ್ನು ಆರು ವರ್ಷದವಳಿದ್ದಾಗಿನಿಂದ ನಾವೇ ಸಾಕಿದ್ದೇವೆ. ಪಿನಸ್ತಿಗೆ ಹೇಳಿದೆ. ಅವಳು ಮೋಟಾರ್ ಸೈಕಲ್ ತಂದು ಚಿಕ್ಕಮ್ಮನನ್ನು ಊರಿನ ಚಿಕಿತ್ಸಾಲಯಕ್ಕೆ ಕರೆದೊಯ್ದಳು. ಅಲ್ಲಿಯವರು ಜೋಗ್ಜಾದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು.

ಅಕ್ಟೋಬರ್ 5, ಶುಕ್ರವಾರ, ಪಾಹಿಂಗ್

ಜೋಗ್ಜಾ. ಮೂರು ದಿನ ಬಗೆಬಗೆಯ ಪರೀಕ್ಷೆ. ಹೊಟ್ಟೆಗೆ ತಣ್ಣನೆಯ ಅಂಟು ಬಳಿದು ಯಂತ್ರ ಹಾಯಿಸಿದರು. ವೈದ್ಯರ ಹೆಸರು ಹಂದರು, ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ಸೋಲೋ ಕಡೆಯವರು. ಮಾತು ಎಷ್ಟು ಮೆದು ಎಂದರೆ ಕೆಟ್ಟ ಸುದ್ದಿ ಕೇಳಿಯೂ ಧನ್ಯವಾದ ಹೇಳಬೇಕೆನಿಸುತ್ತದೆ.

"ಯಕೃತ್ತಿಗೆ ರಕ್ತ ಒಳಗೆ ಬರ್ತಾ ಇದೆ ಪಾಕ್. ಹೊರಗೆ ಹೋಗೋ ನಾಳಗಳು ಕಟ್ಟಿವೆ. ಬಹಳ ಅಪರೂಪದ ಕಾಯಿಲೆ."

ನನಗೆ ಚೆನ್ನಾಗಿ ಅರ್ಥವಾಯಿತು. ಮದುವೆಯ ಊಟದ ಮನೆಗೆ ಜನ ನುಗ್ಗುತ್ತಲೇ ಇದ್ದಾರೆ, ಕೈತೊಳೆಯುವ ಕಡೆಯ ಬಾಗಿಲಿಗೆ ಯಾರೋ ಬೀಗ ಹಾಕಿದ್ದಾರೆ. ಊಟದ ಮನೆ ಉಬ್ಬುತ್ತಿದೆ. ಹೀಗೆಂದು ವೈದ್ಯರಿಗೂ ವಿವರಿಸಿದೆ. "ತುಂಬ ಚೆನ್ನಾಗಿ ಹೇಳಿದ್ರಿ ಪಾಕ್" ಎಂದರು. ಕಾಯಿಲೆಗೆ ಬಡ್-ಕಿಯಾರಿ ಎಂದು ಹೆಸರಂತೆ, ಅದನ್ನು ಕಂಡುಹಿಡಿದ ಇಬ್ಬರು ವೈದ್ಯರದು.

"ಇಬ್ರು ಗಂಡಸರು ಸೇರಿ ಹೆಸರಿಟ್ಟಿದ್ದಾರೆ, ಒಬ್ರಿಗೂ ಬೀಗ ತೆಗೆಯೋಕೆ ಬರ್ಲಿಲ್ವಾ?" ಎಂದು ಮುರ್ತಿನಿ ಕೇಳಿದಳು. ವೈದ್ಯರು ನಕ್ಕರು, ದಾದಿ ನಕ್ಕಳು. ಮೂವತ್ತು ವರ್ಷದಲ್ಲಿ ನನಗೆ ಇಷ್ಟು ಶುದ್ಧವಾದ ನಗೆ ಒಮ್ಮೆಯೂ ಸಿಕ್ಕಿಲ್ಲ. ಹೊಟ್ಟೆಯಿಂದ ನಾಲ್ಕು ಲೀಟರ್ ನೀರು ತೆಗೆದರು. ರಕ್ತ ತೆಳುವಾಗಲು ಮಾತ್ರೆ ಕೊಟ್ಟಿದ್ದಾರೆ. ಅವಳ ಬೆನ್ನಿನ ಗೆರೆಗಳನ್ನು ನೋಡಿ, ಇನ್ನು ಮೇಲೆ ನಾಣ್ಯ ಮುಟ್ಟಬಾರದು, ರಕ್ತ ಒಳಗೇ ಹರಡುತ್ತದೆ ಎಂದರು.

ಅಕ್ಟೋಬರ್ 8, ಸೋಮವಾರ, ಕ್ಲಿವೊನ್

ಮುರ್ತಿನಿ ಒಳಗೆ ಬಟ್ಟೆ ಬದಲಿಸುತ್ತಿದ್ದಾಗ ವೈದ್ಯರು ನನ್ನೊಬ್ಬನನ್ನು ಕೂರಿಸಿಕೊಂಡು ಮಾತಾಡಿದರು. ಆಡಿದ ಮಾತು ಹೀಗೆ:

"ಪಾಕ್, ತಮಗೆ ತೊಂದರೆ ಇಲ್ಲದಿದ್ರೆ, ಬಿಡುವಾದಾಗ ಒಮ್ಮೆ ಜಕಾರ್ತಾಕ್ಕೆ ಹೋಗಿ ಬಂದ್ರೆ ಚೆನ್ನಾಗಿರುತ್ತೇನೋ. ಅಲ್ಲಿ ಸಣ್ಣ ಬಲೂನು ತೂರಿಸಿ ಕಟ್ಟಿರೋ ದಾರಿ ಬಿಡಿಸ್ತಾರೆ. ನಾನು ಪತ್ರ ಬರೆದಿಟ್ಟಿದ್ದೀನಿ."

"ಅವಸರ ಇದೆಯಾ ಡಾಕ್ಟ್ರೇ? ನವೆಂಬರ್ ನಾಲ್ಕಕ್ಕೆ ಮನೇಲಿ ಮಗಳ ಮದುವೆ."

ಅವರು ಮೇಜಿನ ಮೇಲಿದ್ದ ಹಾಳೆಗಳ ಅಂಚು ಸರಿಪಡಿಸಿದರು. "ಓ, ಮದುವೆ. ಒಳ್ಳೇದು, ಸಂತೋಷದ ಸುದ್ದಿ. ದಾರಿ ಎಷ್ಟು ಬೇಗ ಬಿಟ್ರೆ ಯಕೃತ್ತಿಗೆ ಅಷ್ಟು ಹಾಯಿ, ಅಷ್ಟೇ ನಾನು ಹೇಳೋದು."

"ಹಾಗಾದ್ರೆ ಮದುವೆ ಮುಗಿಸ್ಕೊಂಡು..."

"ಅದು ಮನೆಯವರು ತೀರ್ಮಾನ ಮಾಡಬೇಕಾದ್ದು ಪಾಕ್."

"ಆಗ್ಲಿ ಡಾಕ್ಟ್ರೇ."

"ಆಗ್ಲಿ ಪಾಕ್."

ಹೀಗೆ ಮೂರು ಸಲ 'ಆಗ್ಲಿ' ಎಂದುಕೊಂಡೆವು. ಹೊರಗೆ ಅಷ್ಟು ರೋಗಿಗಳು ಕಾಯುತ್ತಿದ್ದರೂ ಅವರು ನನ್ನ ಜೊತೆ ಮೊಗಸಾಲೆಯ ಕೊನೆಯವರೆಗೆ ನಡೆದು ಬಂದರು. ಪತ್ರವನ್ನು ತಾವೇ ನನ್ನ ಜೇಬಿಗೆ ಹಾಕಿದರು. ಎಂಥ ವಿನಯ! ಇಂದಿನ ತರುಣರಲ್ಲಿ ಅಪರೂಪ.

ಬಸ್ಸಿನಲ್ಲಿ ಮುರ್ತಿನಿ, "ಡಾಕ್ಟ್ರು ಏನಂದ್ರು?" ಎಂದಳು.

"ಬಿಡುವಾದಾಗ ಜಕಾರ್ತಾಕ್ಕೆ ಹೋಗ್ಬನ್ನಿ ಅಂದ್ರು."

"ಬಿಡುವಾದಾಗ ಅಂದ್ರೆ?"

"ಬಿಡುವಾದಾಗ ಅಂದ್ರೆ ಬಿಡುವಾದಾಗ ದಿಕ್. ಮದುವೆ ಮುಗೀಲಿ."

ಅವಳ ಮುಖ ಅರಳಿತು. ಈಗ ಒಂದು ತಿಂಗಳಿಂದ ಆ ಮುಖ ಅರಳಿರಲಿಲ್ಲ. ಪಿನಸ್ತಿಯ ಮದುವೆಗೆ, ಹುಡುಗ ಹುಡುಗಿ ಹುಟ್ಟಿದ ವಾರ, ಸಂತೆದಿನ ಎಲ್ಲ ಕೂಡಿಸಿ ಕಳೆದು ಹಿರಿಯರು ಇಟ್ಟ ದಿನ ಅದು. ತಪ್ಪಿದರೆ ಸುರೊ ತಿಂಗಳು ಬರುತ್ತದೆ, ಸುರೊದಲ್ಲಿ ಯಾರೂ ಮದುವೆಯ ಮಾತೆತ್ತುವುದಿಲ್ಲ. ಅದೂ ಅಲ್ಲದೆ ಈ ಮದುವೆಯಲ್ಲಿ ಹೇಳಲು ನಾನು ಆರು ಹೊಸ ಹಾಸ್ಯ ಸಿದ್ಧಮಾಡಿದ್ದೇನೆ. ಪತ್ರವನ್ನು ಬೀರುವಿನಲ್ಲಿಟ್ಟೆ.

ಅಕ್ಟೋಬರ್ 19, ಶುಕ್ರವಾರ, ಲೆಗಿ

ಮದುವೆಗಳ ಬೆಸಾರ್ ತಿಂಗಳು ಶುರು. ಒಂದೇ ವಾರಕ್ಕೆ ಮೂರು ಮದುವೆ. ಚಾವಸ್: ಬಾಣಲೆ. ತ್ರುಚುಕ್: ಮೀಸೆ. ಇನ್ನೊಂದು ನೆನಪಿಲ್ಲ.

ಬೇರೆಯವರ ಮದುಮಕ್ಕಳನ್ನು ಮುರ್ತಿನಿ ಬಿಟ್ಟಿದ್ದಾಳೆ. ಆದರೆ ಪಿನಸ್ತಿಯನ್ನು ಬಿಡುವುದಿಲ್ಲ. ಅಲ್ಲದೆ ಅವಳಿಗಾಗಿ ಏಳು ದಿನದ ಉಪವಾಸ ಮಾಡುತ್ತಾಳಂತೆ.

"ಒಂದು ದಿನ ಸಾಕು" ಎಂದೆ.

"ಊರಿನ ಹುಡುಗೀರಿಗೆ ಒಂದು ದಿನ. ನನ್ನ ಹುಡುಗೀಗೂ ಒಂದೇ ದಿನಾನಾ?"

"ಡಾಕ್ಟ್ರು ಒಪ್ಪಲ್ಲ."

"ನೀವ್ ಕೇಳಿದ್ರಾ?"

ಕೇಳಿಲ್ಲ. ದೂರವಾಣಿ ಮಾಡೋಣ ಎಂದುಕೊಂಡೆ. ಅವರಂಥ ಕೆಲಸದವರನ್ನು ಸಣ್ಣ ಮಾತಿಗೆ ತಡೆಯುವುದು ಸರಿಯಲ್ಲ.

ಹೊಟ್ಟೆಯ ನೀರು ಮತ್ತೆ ತುಂಬಿದೆ. ಹೊಟ್ಟೆಯ ಮೇಲೆ ನೀಲಿ ನಾಳಗಳು ಎದ್ದಿವೆ, ಮಳೆಗಾಲದ ನದಿಗಳ ನಕ್ಷೆಯಂತೆ. ನಕ್ಷೆ ಎಂದದ್ದಕ್ಕೆ ನಕ್ಕಳು, ಆಮೇಲೆ ಪಕ್ಕೆ ಹಿಡಿದುಕೊಂಡಳು. ನಗಿಸಬಾರದು ಅವಳನ್ನು.

ನವೆಂಬರ್ 4, ಭಾನುವಾರ, ಪಾಹಿಂಗ್

ಮದುವೆ ಆಯಿತು.

ಬೆಳಗಿನ ಮೂರಕ್ಕೆ ಎದ್ದು ಹಣೆ ಬರೆಯಲು ಕೂತಳು. ನಿಂತು ಬರೆಯಲಾಗದೆ ಪಿನಸ್ತಿಯನ್ನು ಚಾಪೆಯ ಮೇಲೆ ಕೂರಿಸಿ, ತಾನು ಗೋಡೆಗೊರಗಿ ಕೂತು ಬರೆದಳು. ಕುಂಚ ಹಿಡಿದ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಗೆರೆ ಎಳೆದಳು. ಎರಡು ಗಂಟೆ ಬೇಕಾಯಿತು. ಕೊನೆಗೆ ಪಿನಸ್ತಿಯ ಗಲ್ಲ ಎತ್ತಿ, ಬೆಳಕಿಗೆ ತಿರುಗಿಸಿ ನೋಡಿ, "ಯಾರಮ್ಮ ನೀನು?" ಎಂದಳು. ಪಿನಸ್ತಿ ಅತ್ತಳು. "ಅಳಬೇಡ ಕತ್ತೆ, ಕಪ್ಪೆಲ್ಲ ಇಳಿಯುತ್ತೆ" ಎಂದು ಬೈದಳು.

ನಾನು ನಿರೂಪಣೆ ಮಾಡಿದೆ. ಎರಡು ಹಾಸ್ಯ ಹೇಳಿದೆನೋ ಮೂರೋ. ಜನ ನಕ್ಕಿರಬೇಕು. ನನ್ನ ಕಣ್ಣು ಹಿಂದಿನ ಸಾಲಿನ ಕುರ್ಚಿಯ ಮೇಲಿತ್ತು. ಅವಳ ಕಣ್ಣಿನ ಬಿಳಿ ಹಳದಿಯಾಗಿದೆ. ಅರಿಸಿನ ತಾಗಿದೆಯೇನೋ ಎಂದುಕೊಂಡೆ. ಕಣ್ಣಿಗೆ ಯಾರು ಅರಿಸಿನ ಹಚ್ಚುತ್ತಾರೆ.

ನವೆಂಬರ್ 6, ಮಂಗಳವಾರ, ವಾಗೆ

ಬೆಳಿಗ್ಗೆ ಮುರ್ತಿನಿ ನನ್ನನ್ನು ಗುರುತಿಸಲಿಲ್ಲ. ತೀರಿಹೋದ ಅಕ್ಕನ ಹೆಸರು ಹಿಡಿದು ಕರೆದಳು. ಬು ತಾರ್ಮಿಯ ಅಳಿಯನ ವ್ಯಾನಿನಲ್ಲಿ ಜೋಗ್ಜಾ. ದಾರಿಯುದ್ದಕ್ಕೂ ಬು ತಾರ್ಮಿ ಅವಳ ಕಾಲು ಒತ್ತುತ್ತಾ, "ಏನೂ ಆಗಲ್ಲ, ಗಾಳಿ ಅಷ್ಟೇ, ಗಾಳಿ" ಎನ್ನುತ್ತಿದ್ದರು.

ನವೆಂಬರ್ 9, ಶುಕ್ರವಾರ, ಪಾಹಿಂಗ್

ಪ್ರಜ್ಞೆ ಬಂದಿದೆ. ಅನ್ನ ಒಲ್ಲಳು.

ವೈದ್ಯರಿಗೆ ಪತ್ರ ತೋರಿಸಿ, "ಬಿಡುವಾಗಿದೆ ಡಾಕ್ಟ್ರೇ, ನಾಳೇನೇ ಜಕಾರ್ತಾಕ್ಕೆ ಕರ್ಕೊಂಡು ಹೋಗ್ತೀನಿ" ಎಂದೆ. ಅವರು ಪತ್ರವನ್ನು ಬಿಚ್ಚಲಿಲ್ಲ.

"ನಾನು ಅಲ್ಲಿಯವರಿಗೆ ಹದಿನೈದನೇ ತಾರೀಖಿಗೇ ಹೇಳಿಟ್ಟಿದ್ದೆ ಪಾಕ್. ಅಕ್ಟೋಬರ್ ಹದಿನೈದು. ನೀವು ಬರ್ತೀರಿ ಅಂತ ಅವತ್ತು ಅವರು ಕಾದಿದ್ರು."

"ನೀವು ಹೇಳ್ಲಿಲ್ಲವಲ್ಲ."

"ಹೇಳಿದೆ ಪಾಕ್" ಎಂದರು. ಪತ್ರವನ್ನು ಮೇಜಿನ ಮೇಲಿಟ್ಟು, "ಇನ್ನೂ ಗಟ್ಟಿಯಾಗಿ ಹೇಳಬೇಕಿತ್ತು" ಎಂದರು. ಆ ಹುಡುಗನ ಕಣ್ಣಲ್ಲಿ ನೀರಿತ್ತು.

ಈಗ ಬಲೂನು ತೂರಿಸಲಾಗದು. ಯಕೃತ್ತು ತಾಳದು.

ವೆಡಿಯ ಮದುಮಗಳ ತಂದೆ ನನ್ನ ಕೈನೋವಿನ ಬಗ್ಗೆ ಅರ್ಧ ವಾಕ್ಯ ಆಡಿದ್ದಕ್ಕೆ ಅವರ ಇಡೀ ಮನಸ್ಸು ತಿಳಿದುಕೊಂಡವನು ನಾನು. ಈ ಹುಡುಗ ಹಾಳೆಯ ಅಂಚು ಸರಿಪಡಿಸಿದ, ಮೊಗಸಾಲೆಯವರೆಗೆ ನಡೆದು ಬಂದ, ಪತ್ರವನ್ನು ಜೇಬಿಗೆ ತುರುಕಿದ. ಎಲ್ಲವನ್ನೂ ನೋಡಿದೆ. ಮನೆಗೆ ಬಂದು ಅದನ್ನೇ ವಿನಯ ಎಂದು ಬರೆದಿದ್ದೇನೆ.

ನವೆಂಬರ್ 14, ಬುಧವಾರ

ಪಿನಸ್ತಿ ಗಂಡನ ಜೊತೆ ಬಂದಳು. ಮೊಗಸಾಲೆಯಲ್ಲಿ ನನ್ನ ಅಂಗಿ ಹಿಡಿದು, "ಮದುವೆ ಮುಂದಕ್ಕೆ ಹಾಕಬಹುದಿತ್ತಲ್ಲ ಚಿಕ್ಕಪ್ಪ! ಸುರೊ ಆದ್ಮೇಲೆ ತಿಂಗಳುಗಳು ಇರ್ಲಿಲ್ವಾ? ನನ್ನ ಒಂದು ಮಾತು ಕೇಳಿದ್ರಾ?" ಎಂದಳು.

"ಡಾಕ್ಟ್ರು ಅವಸರ ಅನ್ಲಿಲ್ಲಮ್ಮ" ಎಂದೆ.

ಮತ್ತೊಮ್ಮೆ ಅದನ್ನೇ ಹೇಳಿದೆ.

ನವೆಂಬರ್ 21, ಬುಧವಾರ

ಮನೆಗೆ ಕರೆತಂದು ಎರಡು ದಿನವಾಯಿತು. ಉಪ್ಪು ಪೂರ್ತಿ ಬಿಡಬೇಕು. ಉಪ್ಪಿಲ್ಲದ ಗಂಜಿ, ಬೇಯಿಸಿದ ಕುಂಬಳ. ನಾನೇ ಮಾಡುತ್ತೇನೆ. ಮೊದಲ ದಿನ ತಳ ಹತ್ತಿತು. ಇಂದು ಹತ್ತಲಿಲ್ಲ. ಗಂಜಿಯನ್ನು ಕೈಬಿಡದೆ ತಿರುವುತ್ತಿರಬೇಕು, ಆ ಕಡೆ ಈ ಕಡೆ ನೋಡಬಾರದು.

ತಲೆ ಬಾಚಿದೆ. ಹಿಂದಿನಿಂದ ಶುರುಮಾಡಬೇಕಂತೆ, ತುದಿಯಿಂದ ಮೇಲಕ್ಕೆ. ಇಷ್ಟು ವರ್ಷ ನೋಡಿದ್ದೆ, ಗಮನಿಸಿರಲಿಲ್ಲ. ಬೆಳಿಗ್ಗೆ ಎರಡು ಕಡೆಯಿಂದ ನಿರೂಪಣೆಗೆ ಕರೆ ಬಂತು, ಸುರೊ ಮುಗಿದ ಮೇಲಿನ ಮದುವೆಗಳಿಗೆ. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಮುರ್ತಿನಿಗೆ ಮೈ ಹುಷಾರಿಲ್ಲ ಎಂದೆ.

ನವೆಂಬರ್ 24, ಶನಿವಾರ

ಮಧ್ಯಾಹ್ನ ಅವಳ ಪಾದಕ್ಕೆ ಎಣ್ಣೆ ಸವರುತ್ತಿದ್ದೆ. ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಮಾಸ್, ಅವತ್ತು ನಾನು ಬಟ್ಟೆ ಹಾಕ್ಕೊಳ್ತಿದ್ದಾಗ ಡಾಕ್ಟ್ರು ಸರಿಯಾಗಿ ಏನಂದಿದ್ರು?"

"ಬಿಡುವಾದಾಗ..."

"ಸರಿಯಾಗಿ."

ಹೇಳಿದೆ. ದಾರಿ ಬೇಗ ಬಿಡಬೇಕು ಎಂದದ್ದು, ಮದುವೆ ಎಂದಾಗ ಅವರು ಹಾಳೆಗಳ ಅಂಚು ಸರಿಪಡಿಸಿದ್ದು, ನನ್ನ ಜೊತೆ ಅಷ್ಟು ದೂರ ನಡೆದು ಬಂದದ್ದು.

"ನಿಮಗೆ ಅರ್ಥ ಆಗ್ಲಿಲ್ವಾ?"

"ಆಯ್ತು."

"ಅವತ್ತೇ?"

"ಅವತ್ತೇ ದಿಕ್."

ಇದನ್ನು ನಾನು ಇಲ್ಲಿಯೂ ಬರೆದಿರಲಿಲ್ಲ. ಇಂದು ಬಾಯಲ್ಲಿ ಬಂದ ಮೇಲೆ ನಿಜವೆಂದು ತಿಳಿಯಿತು.

ಅವಳು ಪಾದವನ್ನು ನನ್ನ ಕೈಯಿಂದ ಎಳೆದುಕೊಂಡಳು. ಅಷ್ಟು ಶಕ್ತಿ ಎಲ್ಲಿತ್ತೋ. ಗೋಡೆಯ ಕಡೆ ತಿರುಗಿದಳು.

ನವೆಂಬರ್ 25, ಭಾನುವಾರ

ಮಾತಿಲ್ಲ. ಗಂಜಿಯನ್ನು ಬು ತಾರ್ಮಿಯ ಕೈಯಿಂದ ತಿಂದಳು.

ನವೆಂಬರ್ 26, ಸೋಮವಾರ

ಮಾತಿಲ್ಲ.

ಬು ತಾರ್ಮಿ ಅಡುಗೆಮನೆಗೆ ಬಂದು, "ಏನಾದ್ರೂ ಒಂದು ಜೋಕ್ ಹೇಳಿ ಪಾಕ್, ನಿಮ್ಮ ಜೋಕಿಗೆ ಕರಗದೆ ಇರ್ತಾಳಾ?" ಎಂದರು. ಯೋಚಿಸಿದೆ. ಒಂದೂ ಬರಲಿಲ್ಲ.

ನವೆಂಬರ್ 28, ಬುಧವಾರ

ಬೆಳಿಗ್ಗೆ ಗಂಜಿ ಇಟ್ಟು ಹಿಂದೆ ಸರಿದೆ. ಬು ತಾರ್ಮಿ ಬರಲು ಇನ್ನೂ ಹೊತ್ತಿತ್ತು.

"ಮಾಸ್."

ಹತ್ತಿರ ಹೋದೆ.

"ನಾನು ಸಾಯ್ತೀನಾ?"

'ದೇವರ ಇಚ್ಛೆ' ಎನ್ನಬಹುದಿತ್ತು. 'ಅಂಥ ಮಾತು ಆಡಬಾರದು' ಎನ್ನಬಹುದಿತ್ತು. ಇಂಥ ಹೊತ್ತಿಗೆ ಒದಗುವ ಇಪ್ಪತ್ತು ಮಾತು ನನಗೆ ಬಾಯಿಪಾಠ. ಎಷ್ಟೋ ಸಾವಿನ ಮನೆಗಳಲ್ಲೂ ನಾನು ಮೈಕು ಹಿಡಿದಿದ್ದೇನೆ.

"ಹೌದು" ಎಂದೆ.

"ಯಾವಾಗ?"

"ತಿಂಗಳು ಕಷ್ಟ ಅಂದ್ರು."

"ಹಾಗಂತಾನೇ ಅಂದ್ರಾ?"

"ಹಾಗಂತ ಅನ್ನಲಿಲ್ಲ. ಮನೆ ಊಟ ಅವರಿಗೆ ಹಿತ ಅನಿಸುತ್ತೆ ಪಾಕ್, ಕರ್ಕೊಂಡು ಹೋಗಿ ಅಂದ್ರು. ಅದರ ಅರ್ಥ ಅದು."

ಅವಳು ಗಂಜಿಯ ಬಟ್ಟಲನ್ನು ನೋಡಿದಳು.

"ಮತ್ತೆ ಈ ಹಾಳು ಸಪ್ಪೆ ಯಾಕೆ ತಿನ್ನಿಸ್ತಾ ಇದ್ದೀಯ ನನಗೆ?"

ಬಟ್ಟಲನ್ನು ಎತ್ತಿ ಆಚೆ ಇಟ್ಟೆ.

"ಹೋಗಿ ಒಣಮೀನು ತಗೊಂಡ್ ಬಾ. ಸಣ್ಣದು. ಮೆಣಸಿನಕಾಯಿ ಹಸಿದೇ ಅರಿ, ಹುರೀಬೇಡ. ಉಪ್ಪು ನಾನು ನೋಡಿ ಹೇಳ್ತೀನಿ."

ಸಂತೆಗೆ ಹೋದೆ. ದಾರಿಯಲ್ಲಿ ಇಬ್ಬರು ಮಾತಾಡಿಸಿದರು, ನಿಲ್ಲಲಿಲ್ಲ. ಮೀನು ಕರಿದೆ. ಒರಳಿನಲ್ಲಿ ಮೆಣಸಿನಕಾಯಿ ಅರೆದು ಚಮಚದ ತುದಿಯಲ್ಲಿ ನಾಲಿಗೆಗೆ ಮುಟ್ಟಿಸಿದೆ. "ಇನ್ನೊಂಚೂರು" ಎಂದಳು. ಉಪ್ಪು ಹಾಕಿದೆ. "ಇನ್ನೊಂಚೂರು" ಎಂದಳು. ಹಾಕಿದೆ.

ದಿಂಬಿಗೆ ಒರಗಿಸಿ ಕೂರಿಸಿದೆ. ಬಿಸಿ ಅನ್ನ, ಮೀನು. ಮುಳ್ಳು ಬಿಡಿಸಿ ತುತ್ತು ಕೊಟ್ಟೆ. ಕಣ್ಣು ಮುಚ್ಚಿ ಅಗಿದಳು. ಮೂಗಿನಲ್ಲಿ, ಕಣ್ಣಿನಲ್ಲಿ ನೀರು ಇಳಿಯಿತು. ಖಾರಕ್ಕೋ ಏನೋ, ಕೇಳಲಿಲ್ಲ. ನಾಲ್ಕು ತುತ್ತು ತಿಂದಳು. ಒಂದು ತಿಂಗಳಿಂದ ಒಮ್ಮೆಗೆ ನಾಲ್ಕು ತುತ್ತು ತಿಂದಿರಲಿಲ್ಲ.

"ನನ್ನ ಸಿಟ್ಟು ಹೋಗಿಲ್ಲ" ಎಂದಳು.

"ಇರ್ಲಿ."

"ಹೋಗುತ್ತೆ ಅಂತ ಅಂದ್ಕೋಬೇಡ."

"ಇರ್ಲಿ ದಿಕ್. ಎಷ್ಟು ದಿನ ಬೇಕಾದ್ರೂ ಇರ್ಲಿ" ಎಂದೆ.

ಬಾಯಿ ತೆರೆದಳು. ಇನ್ನೊಂದು ಮೀನಿನ ಮುಳ್ಳು ಬಿಡಿಸತೊಡಗಿದೆ.